ಮೊದಲು ಹೊಡೆದವರಾರು?

೧೮೯೧ನೆಯ ಇಸವಿಯ ಡಿಸೆಂಬರ್ ತಿಂಗಳಲ್ಲಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನ ತರಬೇತಿ ಶಾಲೆಯೊಂದರಲ್ಲಿ, ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯರು ಹೊಸದೊಂದು ಆಟವನ್ನು ಕಟ್ಟಿದರು. ಚಳಿಗಾಲವಾದುದರಿಂದ ಹೊರಗೆ ಆಡುವಂತಿರಲಿಲ್ಲ. ಒಳಗಿನ ಹಲಗೆ ನೆಲದ ಮೇಲೆ ಕಾಲ್ಚೆಂಡಿನಂಥ ಆಟಗಳನ್ನು ಆಡಿಸಿದರೆ ಮೈಕೈ ಮುರಿಯುವ ಭಯ. ಆದುದರಿಂದ ಯಾರೂ ಯಾರನ್ನೂ ಕೆಡವಬೇಕಾಗದ ಒಂದು ಆಟವನ್ನು ಅವರು ಹುಡುಕುತ್ತಿದ್ದರು. ಚೆಂಡನ್ನು ಹಿಡಿದುಕೊಂಡು ಓಡಕೂಡದೆಂದು ವಿಧಿಸಿದರೆ, ಓಡುವವನನ್ನು ಹಿಡಿದು ಕೆಡವುವ ಅಗತ್ಯವೇ ಇರದು. ಗುರಿಯನ್ನು ತಲೆಯ ಮೇಲೆ ಎತ್ತರದಲ್ಲಿಟ್ಟರೆ ಚೆಂಡನ್ನು ಬಲವಾಗಿ ಬೀಸಿ ಪ್ರಯೋಜನವಿಲ್ಲ. ಮೆಲ್ಲಗೆ ಮೇಲಕ್ಕೆ ತೂರಬೇಕು. ಹೀಗೆ ಯೋಚಿಸಿ ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಎತ್ತರದಲ್ಲಿ ಹೊಡೆದು, ಹದಿಮೂರು ನಿಯಮಗಳನ್ನು ಬರೆದು ಅಂಟಿಸಿದರು. ಬ್ಯಾಸ್ಕೆಟ್‌ಬಾಲ್ ಹುಟ್ಟಿದುದು ಹೀಗೆ.

ಆ ಹದಿಮೂರರಲ್ಲಿ ಐದನೆಯ ನಿಯಮ ನಮ್ಮ ಇಂದಿನ ವಿಷಯ. ಎದುರಾಳಿಯನ್ನು ಭುಜದಿಂದ ಗುದ್ದುವುದು, ಹಿಡಿಯುವುದು, ತಳ್ಳುವುದು, ಕಾಲುಕೊಟ್ಟು ಬೀಳಿಸುವುದು, ಹೊಡೆಯುವುದು ಇವೆಲ್ಲವನ್ನೂ ಅದು ನಿಷೇಧಿಸುತ್ತದೆ. ಎರಡನೆಯ ಸಲ ತಪ್ಪಿದವನು ಮುಂದಿನ ಗೋಲಿನವರೆಗೆ ಹೊರಗಿರಬೇಕು. ಆದರೆ ಗಾಯಗೊಳಿಸುವ ಉದ್ದೇಶವು ಸ್ಪಷ್ಟವಾಗಿ ಕಂಡರೆ, ಆತನು ಇಡೀ ಆಟದಿಂದಲೇ ಹೊರಗೆ. ಬದಲಿ ಆಟಗಾರನೂ ಇಲ್ಲ.

ಉದ್ದೇಶವು ಸ್ಪಷ್ಟವಾಗಿ ಕಂಡರೆ! ನ್ಯಾಯವಾದ ಮಾತೇ ಸರಿ. ಆದರೆ ಒಬ್ಬನ ಮನಸ್ಸಿನಲ್ಲಿದ್ದುದು ಇನ್ನೊಬ್ಬನ ಕಣ್ಣಿಗೆ ಸ್ಪಷ್ಟವಾಗಿ ಕಾಣುವುದೆಂತು? ನೈಸ್ಮಿತ್‌ರ ಆಟವು ಮುಂದೆ ಕೋಟ್ಯಂತರ ಡಾಲರುಗಳ ವೃತ್ತಿಯಾಗಿ ಬೆಳೆದ ಮೇಲೆ ಈ ಪ್ರಶ್ನೆ ಮತ್ತೆ ಮತ್ತೆ ತಲೆಯೆತ್ತಿದೆ. ಅದಕ್ಕೆ ವಿಜ್ಞಾನವು ಕೊಡುವ ಉತ್ತರವನ್ನು ಇಲ್ಲಿ ಪರಿಶೀಲಿಸೋಣ.

ಏಳು ಪಂದ್ಯಗಳ ಹಗೆ

ಅಮೆರಿಕದ ವೃತ್ತಿಪರ ತಂಡಗಳ ಒಕ್ಕೂಟಕ್ಕೆ ಎನ್.ಬಿ.ಎ. ಎಂದು ಹೆಸರು. ಅದರ ಸಾಮಾನ್ಯ ಋತುವಿನಲ್ಲಿ ಒಂದೊಂದು ತಂಡವೂ ೮೨ ಪಂದ್ಯಗಳನ್ನಾಡುತ್ತದೆ. ಅವುಗಳಲ್ಲಿ ಯಾವೊಂದು ಎದುರಾಳಿಯನ್ನು ಸಂಧಿಸುವುದೂ ಎರಡರಿಂದ ನಾಲ್ಕು ಸಲ ಮಾತ್ರ. ಇಂದು ಬಾಸ್ಟನ್, ನಾಳಿದ್ದು ಶಿಕಾಗೊ. ಜಗಳವಾದರೂ ಮರೆಯಲು ತಿಂಗಳುಗಳ ಅವಕಾಶವುಂಟು. ಋತುವಿನ ಕೊನೆಯಲ್ಲಿ ಪ್ಲೇ-ಆಫ್ ಎಂಬ ನಿರ್ಣಾಯಕ ಸುತ್ತುಗಳು ಬರುತ್ತವೆ. ಆಗ ಎರಡು ತಂಡಗಳು ಒಂದನ್ನೊಂದು ಎದುರಿಸಿ, ಮೊದಲು ನಾಲ್ಕು ಪಂದ್ಯಗಳನ್ನು ಗೆದ್ದ ತಂಡ ಮುಂದೆ ಸಾಗುತ್ತದೆ. ಸರಣಿಯು ಏಳು ಪಂದ್ಯಗಳವರೆಗೂ ಎಳೆಯಬಹುದು. ಸುಮಾರು ಎರಡು ವಾರಗಳ ಕಾಲ, ದಿನ ಬಿಟ್ಟು ದಿನ, ಅದೇ ಮುಖ, ಅದೇ ಮೊಣಕೈ.

೧೯೮೭ರ ಮೇ ತಿಂಗಳಿನಲ್ಲಿ ಬಾಸ್ಟನ್ ಸೆಲ್ಟಿಕ್ಸ್ ಮತ್ತು ಡೆಟ್ರಾಯಿಟ್ ಪಿಸ್ಟನ್ಸ್ ತಂಡಗಳ ನಡುವೆ ನಡೆದುದು ಇಂಥದೊಂದು ಸರಣಿ. ಡೆಟ್ರಾಯಿಟಿನ ಬಿಲ್ ಲೇಂಬೀರ್ ಎದುರಾಳಿಗಳೆಲ್ಲರ ಕಣ್ಣಿನ ಕಸ. ಮೂರನೆಯ ಪಂದ್ಯದಲ್ಲಿ ಬುಟ್ಟಿಯ ಕೆಳಗೆ ಅವರು ಬಾಸ್ಟನ್ನಿನ ಲ್ಯಾರಿ ಬರ್ಡರನ್ನು ಕೆಡವಿದರು. ಬರ್ಡ್ ಸಿಟ್ಟಿನಿಂದ ಚೆಂಡನ್ನೇ ಅವರ ಮೇಲೆಸೆದರು. ಇಬ್ಬರನ್ನೂ ಹೊರಗೆ ಕಳುಹಿಸಲಾಯಿತು. ಲೆಕ್ಕ ಅಲ್ಲಿಗೆ ಮುಗಿಯಲಿಲ್ಲ. ಮೇ ೨೬ರಂದು ಐದನೆಯ ಪಂದ್ಯದಲ್ಲಿ ಬಾಸ್ಟನ್ನಿನ ರಾಬರ್ಟ್ ಪ್ಯಾರಿಷ್ ಲೇಂಬೀರರನ್ನು ಗುದ್ದಿ ನೆಲಕ್ಕುರುಳಿಸಿದರು. ತೀರ್ಪುಗಾರರು ಆಗ ಫೌಲನ್ನೇ ಎಣಿಸಲಿಲ್ಲ. ಅದೇ ಪಂದ್ಯವನ್ನು ಬಾಸ್ಟನ್ ೧೦೮–೧೦೭ರಿಂದ, ಒಂದೇ ಅಂಕದಿಂದ, ಗೆದ್ದಿತು. ಬಳಿಕ ಒಕ್ಕೂಟವು ಪ್ಯಾರಿಷ್‌ರನ್ನು ಆರನೆಯ ಪಂದ್ಯದಿಂದ ಹೊರಗಿಟ್ಟಿತು, ಆ ಪಂದ್ಯವನ್ನು ಡೆಟ್ರಾಯಿಟ್ ಗೆದ್ದಿತು, ಏಳನೆಯದು ಬಾಸ್ಟನ್ನಿಗೆ.

ಮುಂದಿನ ವರ್ಷಗಳಲ್ಲಿ ಡೆಟ್ರಾಯಿಟ್ ತಂಡಕ್ಕೆ 'ಬ್ಯಾಡ್ ಬಾಯ್ಸ್', ಎಂದರೆ ಪೋಲಿ ಹುಡುಗರು, ಎಂಬ ಹೆಸರೇ ನಿಂತಿತು. ೧೯೮೯ ಮತ್ತು ೧೯೯೦ರಲ್ಲಿ ಅವರು ಚಾಂಪಿಯನ್ನರಾದರು. ದೇಶವೆಲ್ಲ ದೂರಿದ ಆ ಹೆಸರನ್ನು ಸ್ವಂತ ಊರಿನವರು ಬಿರುದಿನಂತೆ ಮೆರೆಸಿದರು. ೧೯೯೧ರಲ್ಲಿ ಶಿಕಾಗೊ ತಂಡಕ್ಕೆ ಸತತ ನಾಲ್ಕು ಪಂದ್ಯಗಳನ್ನು ಸೋತಾಗ, ಆ ತಂಡದ ಹಲವರು ಗೆದ್ದವರ ಕೈಕುಲುಕದೆ, ಆಟ ಮುಗಿಯಲು ಇನ್ನೂ ಕೆಲವು ಸೆಕೆಂಡುಗಳಿರುವಾಗಲೇ ಮೈದಾನದಿಂದ ನಡೆದುಬಿಟ್ಟರು.

ಒಂದೇ ಮನುಷ್ಯನು ಒಂದು ಊರಿಗೆ ವೀರ, ಮತ್ತೊಂದು ಊರಿಗೆ ಖಳನಾಯಕ. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿರಬೇಕೆಂದು ನಮಗೆ ತೋರುವುದು ಸಹಜ. ಇಬ್ಬರೂ ನಿಜವನ್ನೇ ಹೇಳುತ್ತಿರಬಹುದೆಂಬುದು ಪ್ರಯೋಗಶಾಲೆಯ ಉತ್ತರ.

ನೆಲ ಬಿಟ್ಟ ದೇಹ

ಅದಕ್ಕೆ ಮುನ್ನ, ಈ ಜಗಳಗಳಲ್ಲಿ ನಿಜವಾಗಿ ಪಣಕ್ಕಿರುವುದೇನೆಂದು ತಿಳಿಯುವುದು ಒಳ್ಳೆಯದು. ಪಣಕ್ಕಿರುವುದು ಎಲುಬು ಮತ್ತು ಕೀಲು.

ಒಬ್ಬ ಆಟಗಾರನು ೬೦ ಸೆಂಟಿಮೀಟರ್ ಎತ್ತರಕ್ಕೆ ನೆಗೆದನೆನ್ನೋಣ. ಆತನು ಗಾಳಿಯಲ್ಲಿರುವ ಕಾಲ ಸುಮಾರು ಒಂದು ಸೆಕೆಂಡಿನ ಹತ್ತರಲ್ಲಿ ಏಳು ಭಾಗ. ನೆಲವನ್ನು ಮುಟ್ಟುವಾಗಿನ ವೇಗ ಗಂಟೆಗೆ ೧೨ ಕಿಲೋಮೀಟರ್. ಕಾಲು ನೆಲವನ್ನು ಬಿಟ್ಟ ಕ್ಷಣದಲ್ಲೇ ಆತನ ಗುರುತ್ವಕೇಂದ್ರವು ಸಾಗಬೇಕಾದ ದಾರಿ ನಿಶ್ಚಿತವಾಗಿಬಿಡುತ್ತದೆ. ಕೈ ಬೀಸಬಹುದು, ಮೈ ತಿರುಚಬಹುದು. ಆದರೆ ಎಸೆದ ಕಲ್ಲು ತನ್ನ ದಾರಿಯನ್ನು ಬದಲಿಸಲಾರದಂತೆ ಆತನೂ ಬದಲಿಸಲಾರ. ನೆಲದ ಮೇಲೆ ನಿಂತವನನ್ನು ತಳ್ಳಿದರೆ ಹೆಜ್ಜೆ ಹಿಂದಿಟ್ಟು ಸಾವರಿಸಿಕೊಳ್ಳುತ್ತಾನೆ. ಗಾಳಿಯಲ್ಲಿರುವವನಿಗೆ ಊರಲು ನೆಲವೇ ಇಲ್ಲ.

ಇನ್ನು, ತಳ್ಳಿದ ಬಲವು ಗುರುತ್ವಕೇಂದ್ರದ ಮೂಲಕವೇ ಹಾದರೆ ದೇಹವು ಸರಿಯುತ್ತದೆ. ಅದರ ಮೇಲೆ ಅಥವಾ ಕೆಳಗೆ ತಗುಲಿದರೆ ದೇಹವು ಬುಗುರಿಯಂತೆ ತಿರುಗುತ್ತದೆ. ೧೯೮೪ರ ಅಂತಿಮ ಸರಣಿಯ ನಾಲ್ಕನೆಯ ಪಂದ್ಯದಲ್ಲಿ, ಲಾಸ್ ಏಂಜಲೀಸ್ ಲೇಕರ್ಸ್ ತಂಡದ ಕರ್ಟ್ ರ‍್ಯಾಂಬಿಸ್ ಬುಟ್ಟಿಯತ್ತ ಧಾವಿಸುತ್ತಿದ್ದಾಗ, ಬಾಸ್ಟನ್ನಿನ ಕೆವಿನ್ ಮೆಕ್‌ಹೇಲ್ ಅವರ ಕುತ್ತಿಗೆಯ ಮಟ್ಟಕ್ಕೆ ತೋಳು ಚಾಚಿದರು. ತಲೆ ನಿಂತಿತು, ಕಾಲುಗಳು ಮುಂದೋಡಿದವು, ರ‍್ಯಾಂಬಿಸ್ ಬೆನ್ನಡಿಯಾಗಿ ಬಿದ್ದರು. ಬಟ್ಟೆ ಒಣಹಾಕಿದ ಹಗ್ಗಕ್ಕೆ ಕತ್ತಲಲ್ಲಿ ಕೊರಳು ಸಿಕ್ಕಿದವನ ಪಾಡೇ ಅದು. ಅಂದಿನ ನಿಯಮದಂತೆ ಮೆಕ್‌ಹೇಲ್ ಆಟದಲ್ಲೇ ಉಳಿದರು. ಬಾಸ್ಟನ್ ಆ ಪಂದ್ಯವನ್ನೂ ಕೊನೆಗೆ ಸರಣಿಯನ್ನೂ ಗೆದ್ದಿತು.

ಕಣ್ಣಿಗೆ ಇಷ್ಟು ಭೀಕರವಾಗಿ ಕಾಣದ, ಆದರೆ ಹೆಚ್ಚು ಸಾಮಾನ್ಯವಾದ ಅಪಾಯವೊಂದುಂಟು. ನೆಗೆದು ಚೆಂಡನ್ನೆಸೆದವನು ಕೆಳಗಿಳಿಯುವ ಜಾಗದಲ್ಲಿ ಎದುರಾಳಿಯ ಪಾದವಿದ್ದರೆ ಏನಾಗುವುದು? ಇಳಿಯುವ ಕಾಲಿನ ಬೆರಳುಗಳು ಕೆಳಮುಖವಾಗಿ, ಪಾದವು ತುಸು ಒಳಮುಖವಾಗಿರುತ್ತದೆ. ಸಮತಟ್ಟಾದ ನೆಲದ ಬದಲು ಅದಕ್ಕೆ ದುಂಡನೆಯ ಪಾದರಕ್ಷೆಯ ಅಂಚು ಸಿಕ್ಕಿದರೆ, ಪಾದವು ಒಳಕ್ಕೆ ಮಗುಚುತ್ತದೆ. ಹರಡಿನ ಹೊರಬದಿಯ ಅಸ್ಥಿರಜ್ಜುಗಳು ಎಳೆದು ಹರಿಯುತ್ತವೆ. ಅಲ್ಲಿರುವ ಸ್ನಾಯುಗಳು ಎಚ್ಚೆತ್ತು ಪಾದವನ್ನು ಹಿಡಿದು ನಿಲ್ಲಿಸಲು ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗಕ್ಕಿಂತಲೂ ಹೆಚ್ಚು ಕಾಲ ಬೇಕು. ಅಷ್ಟರಲ್ಲಿ ಆಗಬೇಕಾದ ಅನಾಹುತ ಆಗಿಹೋಗಿರುತ್ತದೆ. ಆಸ್ಟ್ರೇಲಿಯದ ಸಂಶೋಧಕರು ೨೦೦೧ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಬ್ಯಾಸ್ಕೆಟ್‌ಬಾಲಿನಲ್ಲಿ ಹರಡಿಗಾಗುವ ಗಾಯಗಳಲ್ಲಿ ಶೇಕಡ ೪೫ರಷ್ಟು ನೆಲಕ್ಕಿಳಿಯುವಾಗಲೇ ಆಗುತ್ತವೆ.

ಎಂತಲೇ, ಇಳಿಯುವವನ ಕೆಳಗೆ ಕಾಲಿಡುವುದನ್ನು ಆಟಗಾರರು ಅತ್ಯಂತ ಹೀನವಾದ ಕೃತ್ಯಗಳಲ್ಲಿ ಒಂದೆಂದು ಎಣಿಸುತ್ತಾರೆ. ಆದರೆ ಚೆಂಡನ್ನು ತಡೆಯಲು ಧಾವಿಸಿದವನಿಗೂ ತಕ್ಷಣ ನಿಲ್ಲುವುದು ಸಾಧ್ಯವಿಲ್ಲವಷ್ಟೆ. ಆತನ ಹೆಜ್ಜೆ ದ್ವೇಷದಿಂದ ಬಂದುದೊ, ಆವೇಗದಿಂದ ಬಂದುದೊ? ಮುರಿದ ಕಾಲನ್ನು ಕೇಳಿದರೆ ಉತ್ತರ ಬಾರದು.

ಕೊಟ್ಟದ್ದು ಕಡಿಮೆ, ಪಡೆದದ್ದು ಹೆಚ್ಚು

ಈಗ ಪ್ರಯೋಗಶಾಲೆಗೆ ಬರೋಣ. ಮಕ್ಕಳಿಬ್ಬರು ಜಗಳವಾಡಿಕೊಂಡು ಬಂದಾಗ, "ಅವನೇ ಜೋರಾಗಿ ಹೊಡೆದ, ನಾನು ಮೆಲ್ಲಗೆ ಹೊಡೆದೆ" ಎಂದು ಇಬ್ಬರೂ ಹೇಳುವುದನ್ನು ಕೇಳದ ತಾಯಂದಿರಿಲ್ಲ. ೨೦೦೩ರಲ್ಲಿ ಲಂಡನ್ನಿನ ಶೆರ್ಗಿಲ್, ಬೇಸ್, ಫ್ರಿತ್ ಮತ್ತು ವೊಲ್ಪರ್ಟ್ ಎಂಬ ವಿಜ್ಞಾನಿಗಳು ಈ ದೂರನ್ನೇ ಅಳೆದು ನೋಡಿದರು. ಇಬ್ಬರನ್ನು ಎದುರುಬದುರಾಗಿ ಕುಳ್ಳಿರಿಸಿ, ಬೆರಳಿನ ಮೇಲೆ ಸಣ್ಣ ಸನ್ನೆಯೊಂದರ ಮೂಲಕ ಒತ್ತಡ ಬೀಳುವಂತೆ ಯಂತ್ರವನ್ನು ಅಣಿಗೊಳಿಸಿದರು. ನಿಯಮ ಇಷ್ಟೆ: ನಿನ್ನ ಬೆರಳಿನ ಮೇಲೆ ಎಷ್ಟು ಬಲ ಬಿತ್ತೋ ಅಷ್ಟನ್ನೇ ಎದುರಿನವನಿಗೆ ಹಿಂದಿರುಗಿಸು. ಒಬ್ಬನಿಗೆ ಹೇಳಿದುದು ಇನ್ನೊಬ್ಬನಿಗೆ ತಿಳಿಯದು.

ಇಬ್ಬರೂ ಪ್ರಾಮಾಣಿಕವಾಗಿ ನಡೆದುಕೊಂಡಿದ್ದರೆ ಬಲವು ಮೊದಲಿದ್ದಷ್ಟೇ ಇರಬೇಕಾಗಿತ್ತು. ಹಾಗಾಗಲಿಲ್ಲ. ಒಂದೊಂದು ಸರದಿಗೂ ಬಲವು ಸರಾಸರಿ ಶೇಕಡ ೩೮ರಷ್ಟು ಏರುತ್ತಾ ಹೋಯಿತು. ಈ ದರದಲ್ಲಿ ಎಂಟು ಸರದಿ ಕಳೆದರೆ ಬಲವು ಮೊದಲಿಗಿಂತ ಹದಿಮೂರು ಪಟ್ಟು ಆಗುವುದೆಂದು ವಾಚಕರು ತಾವೇ ಗುಣಿಸಿ ನೋಡಬಹುದು.

ಕಾರಣವೇನು? ನಾವು ಕೈಯನ್ನು ಚಾಚುವ ಮೊದಲೇ ನಮ್ಮ ಮಿದುಳು ಅದರಿಂದ ಆಗಲಿರುವ ಸ್ಪರ್ಶವನ್ನು ಊಹಿಸಿ, ಬಂದ ಅನುಭವದಿಂದ ಆ ಪಾಲನ್ನು ಕಳೆಯುತ್ತದೆ. ನಮಗೆ ನಾವೇ ಕಚಗುಳಿ ಇಟ್ಟುಕೊಂಡರೆ ನಗೆ ಬಾರದಿರುವುದೂ ಇದರಿಂದಲೇ. ಹೀಗಾಗಿ ನಾವು ಕೊಟ್ಟ ಏಟು ನಮಗೆ ಇರುವುದಕ್ಕಿಂತ ಹಗುರವಾಗಿ ತೋರುತ್ತದೆ. ಪಡೆದ ಏಟು ಪೂರ್ತಿಯಾಗಿ ತಟ್ಟುತ್ತದೆ. ಅದೇ ಜನರಿಗೆ ಬೆರಳಿನಿಂದ ನೇರವಾಗಿ ಒತ್ತುವ ಬದಲು ಸನ್ನೆಕೋಲೊಂದನ್ನು ಸರಿಸಿ ಯಂತ್ರದ ಮೂಲಕ ಬಲ ಹಾಕಲು ಹೇಳಿದಾಗ, ಅವರ ಅಂದಾಜು ಸರಿಯಾಗಿಯೇ ಬಂತು.

ಬುಟ್ಟಿಯ ಕೆಳಗೆ ಜಾಗಕ್ಕಾಗಿ ಒತ್ತಾಡುವ ಇಬ್ಬರು ಭೀಮಕಾಯರನ್ನು ಈಗ ನೆನೆಯಿರಿ. ಮೊಣಕೈಗೆ ಮೊಣಕೈ, ಸೊಂಟಕ್ಕೆ ಸೊಂಟ. 'ಅವನು ಕೊಟ್ಟಷ್ಟನ್ನೇ ಹಿಂದಿರುಗಿಸಿದೆ' ಎಂದು ಇಬ್ಬರೂ ನಂಬಿದ್ದಾರೆ. ನಂಬಿಕೆಯಲ್ಲಿ ಕಪಟವಿಲ್ಲ, ಲೆಕ್ಕದಲ್ಲಿ ಮಾತ್ರ ತಪ್ಪಿದೆ.

ಅಭಿಮಾನದ ಕಣ್ಣು

ಹೊಡೆದವನ ಕೈ ಹೀಗೆ ಮೋಸಹೋದರೆ, ನೋಡುವವನ ಕಣ್ಣಾದರೂ ನೆಟ್ಟಗಿದೆಯೆ? ಇದಕ್ಕೆ ಉತ್ತರವಾಗಿ ಹಳೆಯದಾದರೂ ಇಂದಿಗೂ ಮಾಸದ ಪರೀಕ್ಷೆಯೊಂದಿದೆ. ಅದು ಬ್ಯಾಸ್ಕೆಟ್‌ಬಾಲಿಗೆ ಸಂಬಂಧಿಸಿದುದಲ್ಲ, ಅಮೆರಿಕದ ಫುಟ್‌ಬಾಲಿನದು. ೧೯೫೧ರ ನವೆಂಬರಿನಲ್ಲಿ ಪ್ರಿನ್ಸ್‌ಟನ್ ಮತ್ತು ಡಾರ್ಟ್‌ಮತ್ ಕಾಲೇಜುಗಳ ನಡುವೆ ಬಹಳ ಒರಟಾದ ಪಂದ್ಯವೊಂದು ನಡೆಯಿತು. ಪ್ರಿನ್ಸ್‌ಟನ್ನಿನ ಪ್ರಮುಖ ಆಟಗಾರನ ಮೂಗು ಮುರಿಯಿತು. ಡಾರ್ಟ್‌ಮತ್‌ನ ಒಬ್ಬನ ಕಾಲು ಮುರಿಯಿತು. ಹ್ಯಾಸ್ಟಾರ್ಫ್ ಮತ್ತು ಕ್ಯಾಂಟ್ರಿಲ್ ಎಂಬ ಮನಶ್ಶಾಸ್ತ್ರಜ್ಞರು ಆ ಪಂದ್ಯದ ಚಲಚ್ಚಿತ್ರವನ್ನು ಎರಡು ಕಾಲೇಜುಗಳ ವಿದ್ಯಾರ್ಥಿಗಳಿಗೂ ತೋರಿಸಿ, ಕಂಡ ತಪ್ಪುಗಳನ್ನು ಗುರುತುಹಾಕಲು ಹೇಳಿದರು.

ಡಾರ್ಟ್‌ಮತ್‌ನವರಿಗೆ ತಮ್ಮ ತಂಡದ ತಪ್ಪುಗಳು ಸರಾಸರಿ ೪.೩ ಕಂಡವು, ಎದುರು ತಂಡದವು ೪.೪. ಎಂದರೆ ಸರಿಸಮ. ಪ್ರಿನ್ಸ್‌ಟನ್ನಿನವರಿಗೆ ತಮ್ಮವರ ತಪ್ಪುಗಳು ೪.೨ ಕಂಡವು, ಡಾರ್ಟ್‌ಮತ್‌ನವು ೯.೮! ಚಿತ್ರ ಒಂದೇ, ಪರದೆ ಒಂದೇ. ೧೯೫೪ರಲ್ಲಿ ಈ ವರದಿಯನ್ನು ಪ್ರಕಟಿಸಿದ ಆ ಇಬ್ಬರು ಬಂದ ತೀರ್ಮಾನ ಕುತೂಹಲಕರವಾದುದು: ಎಲ್ಲರೂ ಒಂದೇ ಆಟವನ್ನು ನೋಡಿ ಬೇರೆ ಬೇರೆ ಅಭಿಪ್ರಾಯಕ್ಕೆ ಬಂದರೆಂದಲ್ಲ, ಅವರು ನೋಡಿದ ಆಟವೇ ಬೇರೆ ಬೇರೆ.

ಇದಕ್ಕಿಂತ ಕಹಿಯಾದ ಇನ್ನೊಂದು ಸಂಗತಿಯನ್ನು ೨೦೧೧ರಲ್ಲಿ ಮೀನಾ ಚಿಕಾರಾ ಮತ್ತು ಸಂಗಡಿಗರು ಹೊರಗೆಡಹಿದರು. ಬಾಸ್ಟನ್ ಮತ್ತು ನ್ಯೂಯಾರ್ಕಿನ ಬೇಸ್‌ಬಾಲ್ ತಂಡಗಳಿಗೆ ಹುಟ್ಟುವೈರ. ಆ ತಂಡಗಳ ಕಟ್ಟಾ ಅಭಿಮಾನಿಗಳು ಆಟದ ದೃಶ್ಯಗಳನ್ನು ನೋಡುತ್ತಿರುವಾಗ ಅವರ ಮಿದುಳಿನ ಚಟುವಟಿಕೆಯನ್ನು ಯಂತ್ರದಿಂದ ಪರೀಕ್ಷಿಸಲಾಯಿತು. ವೈರಿಯು ಸೋತಾಗ, ಸಂತೋಷಕ್ಕೂ ಬಹುಮಾನಕ್ಕೂ ಸ್ಪಂದಿಸುವ ಮಿದುಳಿನ ಭಾಗವು ಚುರುಕಾಯಿತು. ತಮ್ಮ ತಂಡಕ್ಕೆ ಯಾವ ಲಾಭವೂ ಇಲ್ಲದೆ, ವೈರಿಯು ಮೂರನೆಯ ತಂಡವೊಂದಕ್ಕೆ ಸೋತಾಗಲೂ ಹಾಗೆಯೇ. ಈ ಸ್ಪಂದನ ಯಾರಲ್ಲಿ ಹೆಚ್ಚಾಗಿತ್ತೋ ಅವರೇ, ಎದುರು ತಂಡದ ಅಭಿಮಾನಿಯನ್ನು ಹೀಗಳೆಯಲು, ಹೊಡೆಯಲು ತಾವು ಹಿಂಜರಿಯಲಾರೆವೆಂದು ಹೆಚ್ಚಾಗಿ ಹೇಳಿಕೊಂಡವರು. ವೈರಿಯ ಕೇಡು ಅಭಿಮಾನಿಯ ಮಿದುಳಿಗೆ ಸಿಹಿ. ಹಗೆಯ ಆಟಗಾರನೊಬ್ಬನು ನೆಲಕ್ಕೆ ಬಿದ್ದಾಗ ಕ್ರೀಡಾಂಗಣದಲ್ಲಿ ಏಳುವ ಕೇಕೆಯ ಮೂಲ ಇಲ್ಲಿದೆ.

ಮರುದನಿಯ ಅಪಾಯ

ಕೈಯ ತಪ್ಪು, ಕಣ್ಣಿನ ತಪ್ಪು ಇವೆರಡೂ ಏಳು ಪಂದ್ಯಗಳ ಸರಣಿಯಲ್ಲಿ ಕೂಡಿದರೆ ಫಲವೇನು? ೧೯೮೦ರ ಸುಮಾರಿಗೆ ರಾಬರ್ಟ್ ಆ್ಯಕ್ಸೆಲ್‌ರಾಡ್ ಎಂಬ ವಿದ್ವಾಂಸರು ಗಣಕಯಂತ್ರಗಳ ಪಂದ್ಯವನ್ನೇ ಏರ್ಪಡಿಸಿದರು. ಇಬ್ಬರು ಮತ್ತೆ ಮತ್ತೆ ಎದುರಾಗುವಾಗ, ಸಹಕರಿಸುವುದು ಲಾಭವೊ, ಮೋಸ ಮಾಡುವುದು ಲಾಭವೊ ಎಂಬುದು ಅಲ್ಲಿನ ಪ್ರಶ್ನೆ. ಅನಾಟೊಲ್ ರಾಪೊಪೋರ್ಟ್ ಕಳುಹಿಸಿದ ಅತ್ಯಂತ ಸರಳವಾದ ತಂತ್ರ ಗೆದ್ದಿತು: ಮೊದಲು ಸ್ನೇಹದಿಂದಿರು, ಬಳಿಕ ಅವನು ಮಾಡಿದಂತೆ ಮಾಡು. ಏಟಿಗೆ ಏಟು, ಸ್ನೇಹಕ್ಕೆ ಸ್ನೇಹ.

ಆದರೆ ಈ ತಂತ್ರಕ್ಕೊಂದು ದೌರ್ಬಲ್ಯವಿದೆ. ಆಕಸ್ಮಿಕವಾಗಿ ತಗುಲಿದ ಕೈಯನ್ನು ಒಮ್ಮೆ ಏಟೆಂದು ತಪ್ಪಾಗಿ ತಿಳಿದರೆ ಸಾಕು. ಅವನಿಗೆ ಇವನು, ಇವನಿಗೆ ಅವನು ಎಂದು ಬಾವಿಯೊಳಗಿನ ಮರುದನಿಯಂತೆ ಪ್ರತೀಕಾರ ನಿಲ್ಲದೆ ಸಾಗುತ್ತದೆ. ಮೂರನೆಯ ಪಂದ್ಯದ ಬೀಳುವಿಕೆಗೆ ಐದನೆಯ ಪಂದ್ಯದಲ್ಲಿ ಗುದ್ದು ಬಂದುದನ್ನು ನಾವು ಮೇಲೆ ಕಂಡೆವು.

ಈ ತಪ್ಪು ತಿಳಿವಳಿಕೆ ಎಷ್ಟು ದೂರ ಹೋಗಬಲ್ಲುದೆಂಬುದಕ್ಕೆ ಪ್ಲೇ-ಆಫಿನದಲ್ಲದ, ಸಾಮಾನ್ಯ ಋತುವಿನ ಪಂದ್ಯವೊಂದನ್ನು ನೆನೆಯಬೇಕು. ೧೯೭೭ರ ಡಿಸೆಂಬರ್ ೯ರಂದು ಲಾಸ್ ಏಂಜಲೀಸಿನಲ್ಲಿ ಇಬ್ಬರು ಆಟಗಾರರು ಸೆಣಸಾಡತೊಡಗಿದರು. ಹ್ಯೂಸ್ಟನ್ ತಂಡದ ರೂಡಿ ಟಾಮ್‌ಜಾನೊವಿಚ್ ಜಗಳ ಬಿಡಿಸಲೆಂದು ಓಡಿಬಂದರು. ಯಾರೋ ತನ್ನ ಮೇಲೇರಿ ಬರುತ್ತಿರುವರೆಂದು ಭಾವಿಸಿದ ಕರ್ಮಿಟ್ ವಾಷಿಂಗ್ಟನ್ ಗಕ್ಕನೆ ತಿರುಗಿ ಮುಷ್ಟಿ ಬೀಸಿದರು. ಓಡಿಬರುವವನ ವೇಗವೂ ಮುಷ್ಟಿಯ ವೇಗವೂ ಕೂಡಿದವು. ಟಾಮ್‌ಜಾನೊವಿಚ್‌ರ ಮುಖದ ಎಲುಬುಗಳು ಮುರಿದು, ಮಿದುಳನ್ನು ಸುತ್ತುವರಿದ ದ್ರವವೇ ಸೋರಿತು. ಅವರು ಬದುಕಿ ಉಳಿದುದು ದೊಡ್ಡ ಮಾತು. ಹೊಡೆದವರಿಗೆ ಅರವತ್ತು ದಿನಗಳ ನಿಷೇಧ, ಹತ್ತು ಸಾವಿರ ಡಾಲರು ದಂಡ. ಮುಂದೆ ಟಾಮ್‌ಜಾನೊವಿಚ್ ಹ್ಯೂಸ್ಟನ್ ತಂಡದ ಶಿಕ್ಷಕರಾಗಿ ೧೯೯೪ ಮತ್ತು ೧೯೯೫ರಲ್ಲಿ ಅದನ್ನು ಚಾಂಪಿಯನ್ ಪಟ್ಟಕ್ಕೇರಿಸಿದರು. ಆದರೂ ಆ ಒಂದು ಕ್ಷಣದ ಹೆಸರಿನಿಂದಲೇ ಇಬ್ಬರನ್ನೂ ಜನ ಇಂದಿಗೂ ಗುರುತಿಸುತ್ತಾರೆ.

ತೀರ್ಪುಗಾರನ ಸಂಕಟ

ಮರುದನಿಯನ್ನು ನಿಲ್ಲಿಸಲು ಮೂರನೆಯವನೊಬ್ಬನು ಬೇಕು. ಆದರೆ ಅವನೂ ಮನುಷ್ಯನೇ. ಇಂಗ್ಲೆಂಡಿನ ನೆವಿಲ್ ಮತ್ತು ಸಂಗಡಿಗರು ೨೦೦೨ರಲ್ಲಿ ಕಾಲ್ಚೆಂಡಿನ ೪೦ ಮಂದಿ ತೀರ್ಪುಗಾರರಿಗೆ ಒಂದೇ ಪಂದ್ಯದ ಚಿತ್ರವನ್ನು ತೋರಿಸಿದರು. ಕೆಲವರಿಗೆ ಪ್ರೇಕ್ಷಕರ ಗದ್ದಲದೊಡನೆ, ಉಳಿದವರಿಗೆ ನಿಶ್ಶಬ್ದವಾಗಿ. ಗದ್ದಲವನ್ನು ಕೇಳಿದವರು ಆತಿಥೇಯ ತಂಡದ ಮೇಲೆ ಶೇಕಡ ೧೫.೫ರಷ್ಟು ಕಡಮೆ ಫೌಲುಗಳನ್ನು ವಿಧಿಸಿದರು!

ಹಾಗಾದರೆ ಯಂತ್ರದ ಮೊರೆ ಹೋಗೋಣವೆ? ಎನ್.ಬಿ.ಎ. ಒಕ್ಕೂಟವು ೨೦೧೪ರಲ್ಲಿ ನ್ಯೂಜೆರ್ಸಿಯ ಸಿಕಾಕಸ್ ಎಂಬಲ್ಲಿ ಕೇಂದ್ರವೊಂದನ್ನು ತೆರೆದು, ಸಂದೇಹದ ಘಟನೆಗಳನ್ನು ನಿಧಾನಗತಿಯ ಚಿತ್ರದಲ್ಲಿ ಪರಿಶೀಲಿಸುವ ವ್ಯವಸ್ಥೆ ಮಾಡಿತು. ಏನು ನಡೆಯಿತೆಂಬುದನ್ನು ತಿಳಿಯಲು ಇದು ಬಹಳ ಉಪಯುಕ್ತ. ಏಕೆ ನಡೆಯಿತೆಂಬುದನ್ನು ತಿಳಿಯಲು ಮಾತ್ರ ನಿಧಾನಗತಿಯೇ ಹೊಸ ಮೋಸಗಾರ. ೨೦೧೬ರಲ್ಲಿ ಕರೂಸೊ, ಬರ್ನ್ಸ್ ಮತ್ತು ಕಾನ್ವರ್ಸ್ ತೋರಿಸಿಕೊಟ್ಟಂತೆ, ಒಂದೇ ಕೃತ್ಯವನ್ನು ನಿಧಾನಗೊಳಿಸಿ ನೋಡಿದವರಿಗೆ ಅದು ಹೆಚ್ಚು ಉದ್ದೇಶಪೂರ್ವಕವೆಂದು ತೋರುತ್ತದೆ. ಚಿತ್ರವು ಎಳೆದಷ್ಟೂ, ಮಾಡಿದವನಿಗೆ ಯೋಚಿಸಲು ಬೇಕಾದಷ್ಟು ಸಮಯವಿತ್ತೆಂಬ ಭ್ರಮೆ ನಮಗಾಗುತ್ತದೆ.

ಮನಸ್ಸನ್ನು ಕೇಳದ ನಿಯಮ

೨೦೧೭ರ ಮೇ ೧೪ರ ಪಂದ್ಯ ಇವೆಲ್ಲಕ್ಕೂ ಕನ್ನಡಿ. ಸ್ಯಾನ್ ಆಂಟೋನಿಯೊ ತಂಡವು ೭೮–೫೫ರಿಂದ ಮುಂದಿತ್ತು. ಅದರ ಮುಖ್ಯ ಆಟಗಾರ ಕವೈ ಲೆನಾರ್ಡ್ ಚೆಂಡನ್ನೆಸೆದು ಇಳಿಯುವಾಗ, ಮೊದಲೇ ನೊಂದಿದ್ದ ಅವರ ಕಾಲು ಗೋಲ್ಡನ್ ಸ್ಟೇಟ್ ತಂಡದ ಜಾಜಾ ಪಚೂಲಿಯಾರ ಪಾದದ ಮೇಲೆ ಬಿದ್ದು ಹೊರಳಿತು. ಅವರು ಆ ಸರಣಿಯಲ್ಲಿ ಮತ್ತೆ ಆಡಲಿಲ್ಲ. ಪಂದ್ಯವನ್ನು ಸ್ಯಾನ್ ಆಂಟೋನಿಯೊ ೧೧೧–೧೧೩ರಿಂದ ಸೋತಿತು, ಸರಣಿಯನ್ನು ೦–೪ರಿಂದ. ಅದರ ಶಿಕ್ಷಕರಾದ ಗ್ರೆಗ್ ಪೊಪೊವಿಚ್ ಉಗ್ರವಾಗಿ ಖಂಡಿಸಿದರು. ಬೇಕೆಂದು ಮಾಡಿದುದಲ್ಲವೆಂದು ಪಚೂಲಿಯಾ ಹೇಳಿದರು. ಕೆಲವೇ ವರ್ಷಗಳ ಹಿಂದೆ ಪೊಪೊವಿಚ್‌ರ ತಂಡದಲ್ಲೇ ಇದ್ದ ಬ್ರೂಸ್ ಬೊವೆನ್‌ರ ಮೇಲೆ ಎದುರಾಳಿಗಳು ಇದೇ ದೂರನ್ನು ಹೊರಿಸುತ್ತಿದ್ದರೆಂಬುದನ್ನು ಆಗ ಅನೇಕರು ನೆನಪಿಸಿಕೊಂಡರು.

ಒಕ್ಕೂಟವು ಪಚೂಲಿಯಾರ ಅಂತರಂಗವನ್ನು ಅಗೆಯಲು ಹೋಗಲಿಲ್ಲ. ಮುಂದಿನ ಋತುವಿನಿಂದ, ಇಳಿಯುವವನ ಜಾಗಕ್ಕೆ ಅಜಾಗರೂಕತೆಯಿಂದ ಕಾಲಿಟ್ಟರೆ ತೀರ್ಪುಗಾರರು ಚಿತ್ರವನ್ನು ಪರಿಶೀಲಿಸಿ 'ಫ್ಲೇಗ್ರೆಂಟ್' ಎಂಬ ಕಠಿಣ ಫೌಲನ್ನು ವಿಧಿಸಬಹುದೆಂದು ನಿಯಮ ಮಾಡಿತು. ಫ್ಲೇಗ್ರೆಂಟ್ ಫೌಲಿನ ವ್ಯಾಖ್ಯೆಯೂ ಹಾಗೆಯೇ ಇದೆ: ಅನಾವಶ್ಯಕವಾದ ತಾಗುವಿಕೆಯಾದರೆ ಮೊದಲನೆಯ ದರ್ಜೆ, ಅನಾವಶ್ಯಕವೂ ಮಿತಿಮೀರಿದುದೂ ಆದರೆ ಎರಡನೆಯ ದರ್ಜೆ, ಆಗ ಆಟದಿಂದಲೇ ಹೊರಗೆ. ಉದ್ದೇಶವೆಂಬ ಮಾತು ಅಲ್ಲಿಲ್ಲ. ಪ್ಲೇ-ಆಫ್ ಪಂದ್ಯಗಳಲ್ಲಿ ಈ ದರ್ಜೆಗಳಿಗೆ ಒಂದು, ಎರಡು ಎಂದು ಅಂಕಗಳುಂಟು. ಮೊತ್ತ ನಾಲ್ಕಾದರೆ ಒಂದು ಪಂದ್ಯದ ನಿಷೇಧ. ೨೦೧೬ರ ಅಂತಿಮ ಸರಣಿಯಲ್ಲಿ ೩–೧ರಿಂದ ಮುಂದಿದ್ದ ಗೋಲ್ಡನ್ ಸ್ಟೇಟ್ ತಂಡದ ಡ್ರೇಮಂಡ್ ಗ್ರೀನ್ ಹೀಗೆಯೇ ಐದನೆಯ ಪಂದ್ಯವನ್ನು ಕಳೆದುಕೊಂಡರು. ತಂಡವು ಆ ಪಂದ್ಯವನ್ನೂ, ಮುಂದಿನ ಎರಡನ್ನೂ, ಪಟ್ಟವನ್ನೂ ಕಳೆದುಕೊಂಡಿತು.

ಇಂಥ ನಿಯಮಗಳಿಗೆ ತಮ್ಮದೇ ಆದ ಕಾಠಿಣ್ಯವೂ ಉಂಟು. ೨೦೦೭ರಲ್ಲಿ ಸ್ಯಾನ್ ಆಂಟೋನಿಯೊದ ರಾಬರ್ಟ್ ಹಾರಿ, ಫೀನಿಕ್ಸ್ ತಂಡದ ಸ್ಟೀವ್ ನ್ಯಾಷ್‌ರನ್ನು ಸೊಂಟದಿಂದ ಗುದ್ದಿ ಅಂಗಳದಂಚಿಗೆ ಕೆಡವಿದರು. ಹಾರಿಗೆ ಎರಡು ಪಂದ್ಯಗಳ ನಿಷೇಧವಾಯಿತು. ಆದರೆ ಬಿದ್ದ ಗೆಳೆಯನತ್ತ ಬೆಂಚಿನಿಂದೆದ್ದು ಕೆಲವು ಹೆಜ್ಜೆ ನಡೆದ ಫೀನಿಕ್ಸಿನ ಸ್ಟೌಡಮೈರ್ ಮತ್ತು ಡಿಯೊ ಎಂಬಿಬ್ಬರಿಗೂ ಒಂದೊಂದು ಪಂದ್ಯದ ನಿಷೇಧ ಬಂತು. ಜಗಳದ ವೇಳೆ ಬೆಂಚು ಬಿಡಕೂಡದೆಂಬುದು ನಿಯಮ. ಏಕೆ ಬಿಟ್ಟೆ ಎಂದು ಅದು ಕೇಳುವುದಿಲ್ಲ. ಆ ಸರಣಿಯನ್ನು ಫೀನಿಕ್ಸ್ ಸೋತಿತು. ಅಲ್ಲಿನ ಜನಕ್ಕೆ ಅದು ಇಂದಿಗೂ ಆರದ ಗಾಯ.

ಆದರೂ ನಮಗೆ ಈ ಕುರುಡು ನಿಯಮವೇ ಮೇಲೆಂದು ತೋರುತ್ತದೆ. ಹೊಡೆದವನ ಕೈ ತನ್ನ ಬಲವನ್ನು ತಾನೇ ಅರಿಯದು. ಏಟು ತಿಂದವನು ಅದನ್ನು ಹೆಚ್ಚಾಗಿ ಬಲ್ಲ. ನೋಡುವವನ ಕಣ್ಣು ಅಭಿಮಾನದ ಬಣ್ಣದ್ದು. ನಿಧಾನಗತಿಯ ಚಿತ್ರವು ಇಲ್ಲದ ಸಂಕಲ್ಪವನ್ನು ಹುಟ್ಟಿಸುವುದು. ಇಷ್ಟೆಲ್ಲ ತೆರೆಗಳ ಹಿಂದಿರುವ ಮನಸ್ಸನ್ನು ನಿರ್ಣಯಿಸಹೋದರೆ ಜಗಳವೇ ಉಳಿಯುತ್ತದೆ. ಕಾಲು ಎಲ್ಲಿತ್ತು, ತೋಳು ಯಾವ ಎತ್ತರದಲ್ಲಿತ್ತು ಎಂಬುದನ್ನಾದರೆ ಅಳೆಯಬಹುದು. ನೈಸ್ಮಿತ್ ಬಯಸಿದುದು ಕೈಕಾಲು ಮುರಿಯದ ಆಟವನ್ನು. ಅವರ ಐದನೆಯ ನಿಯಮದಿಂದ ಉದ್ದೇಶವೆಂಬ ಮಾತನ್ನು ಕೈಬಿಟ್ಟ ಮೇಲೆಯೇ ಆಟವು ಅವರ ಬಯಕೆಯತ್ತ ಒಂದು ಹೆಜ್ಜೆ ಹತ್ತಿರವಾಯಿತು. ಮೊದಲು ಹೊಡೆದವರಾರೆಂಬ ಪ್ರಶ್ನೆಯನ್ನು ಅಭಿಮಾನಿಗಳ ಪಾಲಿಗೆ ಬಿಡೋಣ. ಅವರಿಗೆ ಉತ್ತರ ಎಂದೋ ತಿಳಿದಿದೆ.